ಬಕೆಟ್ ಹಿಡಿದು ಬಂದ ಮಿಸ್

ಸಾಂಬ್ರಾಣಿ ಹೊಗೆ ಮೂಗಿಗೆ ಬಿದ್ದರೆ ಬೇರೆಯವರಿಗೆ ದೇವರು ನೆನಪಾಗುತ್ತಾನೇನೋ. ನನಗೆ ನೆನಪಾಗುವುದು ಮೀನು. ಮೊನ್ನೆ ಶುಕ್ರವಾರ ಸಂಜೆ ಪುಟ್ಟೇನಹಳ್ಳಿಯ ನಮ್ಮ ರಸ್ತೆಯಲ್ಲಿ ಯಾರದೋ ಮನೆಯಿಂದ ಆ ಹೊಗೆ ತೇಲಿ ಬಂತು. ತರಕಾರಿ ಚೀಲ ಹಿಡಿದುಕೊಂಡೇ ಗೇಟಿನ ಹತ್ತಿರ ನಿಂತುಬಿಟ್ಟೆ. ಮೀನಿನ ಹಿಂದೆಯೇ ಮಿಸ್ ಬಂದರು, ಏದುಸಿರು ಬಿಡುತ್ತಾ, ಕೈಯಲ್ಲಿ ಬಕೆಟ್ ಹಿಡಿದುಕೊಂಡು…

ಮಿಸ್ ಅಂದರೆ ಪದ್ಮನಾಭನಗರದಲ್ಲಿ ನನಗೆ ಹತ್ತನೇ ಕ್ಲಾಸಿನ ಇಂಗ್ಲಿಷ್ ಟ್ಯೂಷನ್ ಹೇಳಿಕೊಟ್ಟವರು. ಸ್ಕೂಲಿನಿಂದ ರಿಟೈರ್ ಆದ ಮೇಲೆ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಮಂಡಿ ನೋವು, ಬಾಯಿ ಜೋರು. ತಪ್ಪು ಓದಿದರೆ ಕಿವಿ ಹಿಂಡುತ್ತಿದ್ದರು, ಸರಿಯಾಗಿ ಓದಿದರೆ ಕೋಡುಬಳೆ ಕೊಡುತ್ತಿದ್ದರು. ನನಗೆ ಎರಡೂ ಧಾರಾಳವಾಗಿ ಸಿಕ್ಕಿವೆ.

ಆ ವರ್ಷ ನಮಗೆ ಪಾಠಕ್ಕಿದ್ದದ್ದು ಅಮೆರಿಕದ ದಕ್ಷಿಣದ ಸಣ್ಣ ಊರೊಂದರ ಕಾದಂಬರಿ. ಕಪ್ಪು ಜನಾಂಗದ ಒಬ್ಬ ಮಾಡದ ತಪ್ಪಿಗೆ ಕಟಕಟೆ ಹತ್ತುತ್ತಾನೆ. ಬಿಳಿಯ ವಕೀಲನೊಬ್ಬ ಊರವರ ಬೈಗುಳ ತಿಂದು ಅವನ ಪರ ವಾದಿಸುತ್ತಾನೆ. ತೀರ್ಪು ಹೇಳಲು ಕೂತ ಹನ್ನೆರಡು ಜನ, ನಿಜ ಕಣ್ಣೆದುರೇ ಇದ್ದರೂ, ಅವನೇ ತಪ್ಪಿತಸ್ಥ ಎನ್ನುತ್ತಾರೆ. ವಕೀಲನ ವಾದ ಓದುವಾಗ ಮಿಸ್ ದನಿ ನಡುಗುತ್ತಿತ್ತು. ನಾವೆಲ್ಲ ಪೂರ್ವಗ್ರಹ ಮನುಷ್ಯನನ್ನು ಕುರುಡಾಗಿಸುತ್ತದೆ ಎಂದು ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆಯುತ್ತಿದ್ದೆವು.

ಅದೇ ಹೊತ್ತಿಗೆ ನಮ್ಮ ಓನರ್ ಮನೆ ಕೆಡವಿ ಕಟ್ಟಿಸುತ್ತೇನೆ, ತಿಂಗಳೊಳಗೆ ಖಾಲಿ ಮಾಡಿ ಎಂದರು. ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಅಪ್ಪ ಬಸ್ ಕಂಡಕ್ಟರ್, ಡ್ಯೂಟಿ ಮುಗಿಸಿ ಮನೆ ಹುಡುಕಲು ಹೊರಡುತ್ತಿದ್ದರು. ಎಲ್ಲರೂ ಮೊದಲು ಕೇಳುತ್ತಿದ್ದದ್ದು ನೀವು ಏನು ತಿನ್ನುತ್ತೀರಿ ಎಂದು. ನಿಜ ಹೇಳಿ ಹೇಳಿ ಅಪ್ಪ ನಾಲ್ಕು ಮನೆ ಕಳೆದುಕೊಂಡರು.

ಮಿಸ್ ಮನೆಯ ಮಹಡಿ ಖಾಲಿ ಇತ್ತು. ಗೇಟಿನ ಬೋರ್ಡಿನಲ್ಲಿ 'ಮನೆ ಬಾಡಿಗೆಗೆ ಇದೆ', ಅದರ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ'. ದಿನಾ ಆ ಬೋರ್ಡಿನ ಪಕ್ಕವೇ ಸೈಕಲ್ ನಿಲ್ಲಿಸಿ ಒಳಗೆ ಹೋಗಿ ಪೂರ್ವಗ್ರಹದ ಬಗ್ಗೆ ಬರೆಯುತ್ತಿದ್ದೆ, ನನಗೂ ಏನೂ ಅನ್ನಿಸಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಮನೆ ಕೇಳಿದೆ. ನಾನ್‌ವೆಜ್ ತಿನ್ನಲ್ಲ ತಾನೇ ಎಂದರು ಮಿಸ್. ಇಲ್ಲ ಮಿಸ್ ಎಂದೆ, ರೆಪ್ಪೆ ಬಡಿಯದೆ. ವಿಷಯ ಗೊತ್ತಾಗಿ ಅಪ್ಪ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಮೂರನೇ ದಿನ ಸಾಮಾನು ಸಾಗಿಸಿದರು. ಬೇರೆ ದಾರಿ ಇರಲಿಲ್ಲ.

ಎರಡು ತಿಂಗಳು ನಮ್ಮ ಮನೆಯಲ್ಲಿ ಒಂದು ಮೊಟ್ಟೆ ಸಹ ಒಡೆಯಲಿಲ್ಲ. ಆಮೇಲೆ ಅಮ್ಮನಿಗೆ ಜ್ವರ ಬಂತು, ಬಿಟ್ಟ ಮೇಲೂ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಒಂದು ಭಾನುವಾರ ಅಪ್ಪ ಟಿಫಿನ್ ಕ್ಯಾರಿಯರ್‌ನಲ್ಲಿ ಮೀನು ಬಚ್ಚಿಟ್ಟು ತಂದರು. ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ವಾಸನೆ ಗೊತ್ತಾಗದಿರಲೆಂದು ಕೆಂಡದ ಮೇಲೆ ಸಾಂಬ್ರಾಣಿ ಹಾಕಿದರು. ಅಂದಾಜು ಗೊತ್ತಿರಲಿಲ್ಲ, ಒಂದು ಚಿಟಿಕೆ ಸಾಕಿದ್ದಲ್ಲಿ ಒಂದು ಹಿಡಿ ಸುರಿದರು. ಐದು ನಿಮಿಷಕ್ಕೆ ವೆಂಟಿಲೇಟರಿನಿಂದ ದಟ್ಟವಾಗಿ ಹೊಗೆ ಹೊರಟಿತು. ಬೆಂಕಿ ಬಿದ್ದಿದೆ ಎಂದುಕೊಂಡು ಮಿಸ್, ನಾಲ್ಕು ಮೆಟ್ಟಿಲು ಹತ್ತಲೂ ಒದ್ದಾಡುತ್ತಿದ್ದ ಮಿಸ್, ನೀರು ತುಂಬಿದ ಬಕೆಟ್ ಹಿಡಿದು ಮೇಲೆ ಬಂದರು.

ಬಾಗಿಲು ತೆಗೆದವಳು ನಾನೇ. ಅವರು ಒಲೆ ನೋಡಿದರು, ಬಾಣಲೆ ನೋಡಿದರು, ಜಾಲರಿ ಸೌಟು ಹಿಡಿದು ನಿಂತಿದ್ದ ಅಪ್ಪನನ್ನು ನೋಡಿದರು. ಅರ್ಧ ನೀರು ಅವರ ಸೀರೆಯ ಮೇಲೇ ಚೆಲ್ಲಿತ್ತು.

"ನನ್ ಹತ್ರ ಸುಳ್ಳು ಹೇಳ್ದ್ಯಲ್ಲ," ಎಂದರು ನನಗೆ.

"ನಿಜ ಹೇಳಿದ್ರೆ ಮನೆ ಕೊಡ್ತಿದ್ರಾ ಮಿಸ್?"

ಎಲ್ಲಿಂದ ಬಂತೋ ಆ ಮಾತು. ಅಪ್ಪ ನನ್ನನ್ನು ಗದರಿದರು, ಈ ವಾರದಲ್ಲೇ ಖಾಲಿ ಮಾಡುತ್ತೇವೆ ಎಂದು ಮಿಸ್‌ಗೆ ಕೈಮುಗಿದರು. ಮಿಸ್ ಬಕೆಟ್ ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಅಮ್ಮ ಅತ್ತಳು. ಮೀನು ಯಾರೂ ತಿನ್ನಲಿಲ್ಲ.

ಸೋಮವಾರ ಟ್ಯೂಷನ್‌ಗೆ ಹೋಗುವುದಿಲ್ಲ ಎಂದು ಹಟ ಮಾಡಿದೆ, ಅಪ್ಪ ಬಿಡಲಿಲ್ಲ. ಹೋಗಿ ಹಿಂದಿನ ಸಾಲಿನಲ್ಲಿ ಮುದುರಿ ಕೂತೆ. ವಕೀಲನ ಬಗ್ಗೆ ಬರೆದದ್ದು ಸಾಕು, ಇವತ್ತು ಆ ಹನ್ನೆರಡು ಜನರ ಬಗ್ಗೆ ಬರೆಯಿರಿ ಎಂದರು ಮಿಸ್. ಅವರೂ ಹೆಂಡತಿ ಮಕ್ಕಳಿದ್ದವರು, ವಾರಕ್ಕೊಮ್ಮೆ ಪ್ರಾರ್ಥನೆಗೆ ಹೋಗುವವರು, ಯಾರೂ ರಾಕ್ಷಸರಲ್ಲ. ಮತ್ತೆ ಹೇಗೆ ಮನಸ್ಸು ಬಂತು ಅವರಿಗೆ ಎಂದು ಕೇಳಿದರು. ಯಾರೂ ಪೆನ್ ಎತ್ತಲಿಲ್ಲ.

"ಸರಿ, ನಾನೇ ಹೇಳ್ತೀನಿ. ನಮ್ಮ ಗೇಟಲ್ಲಿ ಒಂದು ಬೋರ್ಡ್ ಇತ್ತಲ್ಲ, ನೀವೆಲ್ಲ ನೋಡಿದ್ದೀರ. ಅದನ್ನ ಬರೆಸ್ದಾಗ ನಂಗೆ ಯಾರ ಮೇಲೂ ಸಿಟ್ಟಿರ್ಲಿಲ್ಲ. ಆರಾಮಾಗಿ ಕಾಫಿ ಕುಡೀತಾ ಬರೆಸ್ದೆ. ಅವರೂ ಹಂಗೇ ಮಾಡಿದ್ದು."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕ್ಲಾಸ್ ಮುಗಿದ ಮೇಲೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು ಸುಳ್ಳು ಹೇಳಿದ್ದಕ್ಕೆ ಚೆನ್ನಾಗಿ ಕಿವಿ ಹಿಂಡಿದರು. ಮನೆ ಖಾಲಿ ಮಾಡುವುದೇನೂ ಬೇಡ, ಇನ್ನು ಮೇಲೆ ಕಿಟಕಿ ತೆಗೆದು ಅಡುಗೆ ಮಾಡಲಿ, ಹೊಗೆ ಕುಡಿದು ನಿಮ್ಮಮ್ಮನಿಗೆ ಕೆಮ್ಮು ಬಂದೀತು ಎಂದರು. ನಾನು ಅಳುತ್ತಾ ಮೆಟ್ಟಿಲು ಹತ್ತಿದೆ.

ಅಲ್ಲಿ ಆರು ವರ್ಷ ಇದ್ದೆವು. ಮಿಸ್ ಬೇರೆಯದೇ ಮನುಷ್ಯರಾಗಿಬಿಟ್ಟರು ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಮೀನು ಹುರಿದ ದಿನ ಮೂಗಿಗೆ ಸೆರಗು ಹಿಡಿದು, ತಮ್ಮ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಕಿಟಕಿ ಮುಚ್ಚಿ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಇಷ್ಟವಾದದ್ದನ್ನು ಸಹಿಸಿಕೊಳ್ಳಲು ಏನು ಮಹಾ ಬೇಕು? ಮಿಸ್ ದೊಡ್ಡವರು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅವರು ಹೋಗಿ ಎರಡು ವರ್ಷವಾಯಿತು. ಹಳೆಯ ಟ್ಯೂಷನ್ ಗೆಳತಿಯ ಮೆಸೇಜ್ ನೋಡಿ ನನಗೆ ಗೊತ್ತಾಗುವ ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದಿತ್ತು…

ಈಗ ನನ್ನದೇ ಮನೆಯಿದೆ, ಮೇಲೊಂದು ಬಾಡಿಗೆ ಪೋರ್ಷನ್ ಇದೆ. ಏನು ತಿನ್ನುತ್ತೀರಿ ಎಂದು ಯಾರನ್ನೂ ಕೇಳುವವಳಲ್ಲ ಎಂಬ ಹೆಮ್ಮೆಯೂ ನನಗಿತ್ತು. ಹೋದ ತಿಂಗಳು ನರ್ಸ್ ಒಬ್ಬರು ಫೋನ್ ಮಾಡಿದರು. ಚೆನ್ನಾಗಿ ಮಾತಾಡಿದರು, ಬಾಡಿಗೆಗೆ ಒಪ್ಪಿದರು, ಕೊನೆಗೆ ಹೆಸರು ಹೇಳಿದರು. ಮುಸ್ಲಿಂ ಹೆಸರು.

"ಮನೆಯವರನ್ನ ಕೇಳಿ ಹೇಳ್ತೀನಿ," ಎಂದು ಫೋನ್ ಇಟ್ಟೆ.

ಮನೆಯವರು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು. ನಾನು ಅವರನ್ನು ಕೇಳಲೇ ಇಲ್ಲ. ನನಗೂ ಯಾರ ಮೇಲೂ ಸಿಟ್ಟಿರಲಿಲ್ಲ.

ಮಿಸ್‌ಗೆ ಒಂದು ದಿನ ಸಾಕಾಗಿತ್ತು. ನಾನು ವಾಪಸ್ ಫೋನ್ ಮಾಡಲು ನಾಲ್ಕು ದಿನ ತೆಗೆದುಕೊಂಡೆ. ಬೇರೆ ಕಡೆ ಮನೆ ಸಿಕ್ಕಿತು, ಪರವಾಗಿಲ್ಲ ಮೇಡಂ ಎಂದರು ಆಕೆ, ಮೆತ್ತಗೆ. ಇದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಹೇಳಿಕೊಳ್ಳಬಹುದಾಗಿದ್ದವರು ಒಬ್ಬರೇ… ಅವರಿಲ್ಲ.