ಬೀರುವಿನೊಳಗಿನ ಬಿಸಿ

ಕಂಪ್ಯೂಟರ್ ರಿಪೇರಿ ಅಂಗಡಿಯ ಆ ಹೆಂಗಸನ್ನು ಬೀದಿಯವರೆಲ್ಲ ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಅಂಗಡಿ ನಡೆಸುತ್ತಿದ್ದದ್ದು ಅಣ್ಣನ ಜೊತೆ. ಅವಳ ಬಾಯಿಗೆ ಹೆಚ್ಚು ಸಿಗುತ್ತಿದ್ದವನೂ ಅವನೇ.

ರಕ್ತಪರೀಕ್ಷೆಯ ಲ್ಯಾಬೊಂದರ ಕಂಪ್ಯೂಟರ್ ಬಿಸಿಯೇರಿ ತಾನಾಗಿಯೇ ಆಫ್ ಆಗುತ್ತಿತ್ತು. ಅಣ್ಣ ಹೊಸ ಫ್ಯಾನ್ ಹಾಕಿ, ಅಂಗಡಿಯಲ್ಲಿ ಓಡಿಸಿ ನೋಡಿ, ಸರಿಹೋಯಿತೆಂದು ಕಳಿಸಿಕೊಟ್ಟ. ಮಾರನೇ ದಿನವೇ ಮತ್ತೆ ಆಫ್. ಇಬ್ಬರೂ ಲ್ಯಾಬಿಗೆ ಓಡಿದರು. ರಿಪೋರ್ಟಿಗೆ ಕಾದು ಕೂತವರ ಎದುರೇ ಅವಳು ಅಣ್ಣನ ಮೇಲೆ ಹರಿಹಾಯ್ದಳು.

“ಕಾಟಾಚಾರಕ್ಕೆ ಕೆಲಸ ಮಾಡ್ತೀಯ! ನಿನ್ನಿಂದ ನಾನೂ ತಲೆ ತಗ್ಗಿಸಬೇಕು!”

ಅಣ್ಣ ಸಾಮಾನಿನ ಚೀಲವನ್ನು ಅಲ್ಲೇ ಬಿಟ್ಟು ಅಂಗಡಿಗೆ ಹೊರಟುಹೋದ.

ಲ್ಯಾಬು ತಣ್ಣಗೇ ಇತ್ತು. ಗೋಡೆಯ ಥರ್ಮಾಮೀಟರ್ ಇಪ್ಪತ್ಮೂರು ಡಿಗ್ರಿ ತೋರಿಸುತ್ತಿತ್ತು. ಆದರೆ ಕಂಪ್ಯೂಟರ್ ಇದ್ದದ್ದು ಬಾಗಿಲು ಮುಚ್ಚಿದ ಬೀರುವಿನೊಳಗೆ. ಅವಳು ಥರ್ಮಾಮೀಟರನ್ನು ತೆಗೆದು, ಯಂತ್ರ ಗಾಳಿ ಎಳೆದುಕೊಳ್ಳುವ ಕಿಂಡಿಯ ಮುಂದಿಟ್ಟು, ಬಾಗಿಲು ಮುಚ್ಚಿ ಕಾದಳು. ನಲವತ್ತೆಂಟು! ಪರದೆಯ ಮೇಲೆ ಪ್ರೊಸೆಸರಿನ ಬಿಸಿ ತೊಂಬತ್ತು. ಅಂಗಡಿಯಲ್ಲಿ ಸುತ್ತಲಿನ ಗಾಳಿ ಇಪ್ಪತ್ಮೂರಿದ್ದಾಗ ಪ್ರೊಸೆಸರ್ ಅರವತ್ತೈದಿತ್ತು. ಗಾಳಿಗೂ ಪ್ರೊಸೆಸರಿಗೂ ಅಂತರ ಎರಡೂ ಕಡೆ ನಲವತ್ತೆರಡೇ. ಫ್ಯಾನ್ ನಿಯತ್ತಾಗಿ ದುಡಿಯುತ್ತಿತ್ತು. ಬಿಸಿಗಾಳಿಯನ್ನೇ ಉಣಿಸಿದರೆ ಅದಾದರೂ ಏನು ಮಾಡೀತು?

“ಈ ಬಾಗಿಲು ತೆಗೆಸಿಬಿಡಿ,” ಅಂದಳು.

ಲ್ಯಾಬಿನ ಯಜಮಾನ ಮುಖ ಸಿಂಡರಿಸಿದ. “ವೈರೆಲ್ಲ ಕಾಣುತ್ತಮ್ಮ, ಅಸಹ್ಯ. ಇನ್ನೂ ದೊಡ್ಡ ಫ್ಯಾನ್ ಹಾಕು.”

ಅವಳ ಮೈಯೆಲ್ಲ ಉರಿದುಹೋಯಿತು. ಈ ಚೆಂದದ ಬಾಗಿಲಿಗಾಗಿ ಒಡಹುಟ್ಟಿದವನ ಮಾನ ತೆಗೆದಿದ್ದಳು!

“ನಿಮ್ಮನ್ನ ಈ ಬೀರುವಿನಲ್ಲಿ ಕೂರಿಸಿ ಬೀಸಣಿಗೆ ಕೊಡ್ಲಾ ಸ್ವಾಮಿ? ಎಷ್ಟು ತಂಪಾಗುತ್ತೆ ನೋಡೋಣ!”

ಕಾದು ಕೂತವರು ಗೊಳ್ಳೆಂದು ನಕ್ಕರು. ಯಜಮಾನ ಬಾಯಿ ತೆರೆಯುವಷ್ಟರಲ್ಲಿ ಅವಳು ಸ್ಕ್ರೂಗಳನ್ನು ಬಿಚ್ಚಿ ಬಾಗಿಲನ್ನು ಗೋಡೆಗೆ ಒರಗಿಸಿಯಾಗಿತ್ತು. ನೋಡನೋಡುತ್ತಿದ್ದಂತೆ ಬಿಸಿ ಇಳಿಯಿತು. ರಿಪೋರ್ಟುಗಳು ಒಂದೊಂದಾಗಿ ಹೊರಬಂದವು.

ಅಂಗಡಿಗೆ ಬಂದು, ಅಣ್ಣನ ಮುಖ ನೋಡದೆ ಗೊಣಗಿದಳು: “ತಪ್ಪು ನಿಂದಲ್ಲ.”

“ಬೈಯೋದು ಊರ ಮುಂದೆ, ಇದು ಮಾತ್ರ ಗೋಡೆಗೆ ಹೇಳ್ತೀಯ?” ಅಣ್ಣನೂ ಮೊದಲ ಸಲ ಸಿಡಿದ. “ಇನ್ಮೇಲೆ ಒಬ್ಬಳೇ ನಡೆಸ್ಕೋ ಅಂಗಡೀನ.”

ಅವಳು ಅವನ ಕೈ ಹಿಡಿದು ದರದರ ಲ್ಯಾಬಿಗೆ ಎಳೆದುಕೊಂಡು ಹೋದಳು. ಬಾಗಿಲಲ್ಲೇ ನಿಂತು, ಜಗಳಕ್ಕೆ ಬಂದವಳಂತೆ ಕಿರುಚಿದಳು:

“ಎಲ್ಲರೂ ಕೇಳ್ರಿ! ನಮ್ಮಣ್ಣನ ಕೆಲಸದಲ್ಲಿ ಒಂದು ಚೂರೂ ತಪ್ಪಿಲ್ಲ. ನೋಡದೆ ಬೈದವಳು ನಾನು!”

ಅಣ್ಣ ನಾಚಿ ನೀರಾದ. “ಸಾಕು, ಬಾರೇ ಮಾರಾಯ್ತಿ,” ಅಂದ.