ಏಳು ಮನೆಗಳ ತಾಂಬೂಲ

2016ರ ಜೂನ್ 12, ಭಾನುವಾರ. ಬೆಳಗ್ಗೆ ಹತ್ತೂಕಾಲಿಗೆ ಬರೆಯಲು ಕೂತಿದ್ದೇನೆ.

ನಿನ್ನೆ ತಂಗಿ ಪಿಯುಸಿಗೆ ಸೇರಿದಳು. ಆರ್ಟ್ಸ್. ಏಳನೇ ತರಗತಿಯಿಂದಲೂ ಸೈನ್ಸ್ ಎನ್ನುತ್ತಿದ್ದವಳು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಬಂದದ್ದು ಮೂವತ್ತೊಂಬತ್ತು. ಕಾಲೇಜಿನಲ್ಲಿ ಅರ್ಜಿ ತುಂಬುವಾಗ ವಿಷಯಗಳ ಜಾಗ ಬರುತ್ತಲೇ ಪೆನ್ನನ್ನು ನನ್ನ ಕೈಗೆ ಕೊಟ್ಟು, "ನೀನೇ ಬರಿ ಅಕ್ಕಾ, ನಾ ಬರಿಯಂಗಿಲ್ಲ" ಎಂದಳು. ನಾನೇ ಬರೆದೆ.

ನಾನು ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ಬಂದ ಬೋಲ್ಟು, ಹೋದ ಬೋಲ್ಟು, ಉಳಿದ ಬೋಲ್ಟು ಸಂಜೆಗೆ ತಾಳೆಯಾಗಬೇಕು. ಈ ಅಭ್ಯಾಸ ಮನೆಗೂ ಬಂದಿದೆ. ಹಾಗಾಗಿ ಮೂರು ವರ್ಷದ ಹಿಂದಿನ ದಿನಗಳು ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಇವೆ.

ನಾವು ಕೊಪ್ಪಳದ ಕಡೆಯವರು. ಅಪ್ಪ ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸ್ ಹಾಕುತ್ತಾರೆ, ಅವ್ವ ಒಂದು ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್. ಆಗ ನಾವಿದ್ದದ್ದು ಒಂದು ವಠಾರದಲ್ಲಿ. ಓನರ್ ಆಂಟಿಯ ಮನೆ ಮೇಲೆ, ನಾವು ಬಾಡಿಗೆಯವರೆಲ್ಲ ಕೆಳಗೆ. ಆಂಟಿ ಅದೇ ಊರಿನ ಹಳೆಯ ಮನೆತನದವರು. ಅವರ ಮಗಳೂ ನನ್ನ ತಂಗಿಯೂ ಒಂದೇ ಕ್ಲಾಸು, ಒಂದೇ ಬೆಂಚು.

2013ರ ಮೇ ತಿಂಗಳ ಹೊತ್ತಿಗೆ ಇಬ್ಬರೂ ಏಳನೇ ತರಗತಿ ಮುಗಿಸಿದ್ದರು. ಎಂಟಕ್ಕೆ ಹೈಸ್ಕೂಲು ಆರಿಸಬೇಕು. ಸರ್ಕಾರಿ ಹೈಸ್ಕೂಲುಗಳು ಎರಡಿದ್ದವು. ಒಂದು ನಮ್ಮ ಓಣಿಯ ಕೊನೆಗೆ, ಅವರು ಓದಿದ ಪ್ರಾಥಮಿಕ ಶಾಲೆಯ ಕಾಂಪೌಂಡಿನಲ್ಲೇ. ಇನ್ನೊಂದು ರಿಂಗ್ ರೋಡಿನ ಆಚೆ, ಬಸ್ಸಿನಲ್ಲಿ ಹೋಗಬೇಕು. ನನ್ನ ವಾರದ ರಜೆಗಳಲ್ಲಿ ಎರಡಕ್ಕೂ ಹೋಗಿ ಬಂದು ಡೈರಿಯ ಒಂದು ಪುಟದ ನಡುವೆ ಗೆರೆ ಎಳೆದೆ. ಎಡಗಡೆ ಅಂಕಗಳು. ನಾಲ್ಕು ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳಿಕೊಂಡು ಬಂದಿದ್ದೆ. ನಾಲ್ಕರಲ್ಲೂ ಆಚೆಯ ಶಾಲೆಯೇ ಮುಂದು.

ಬಲಗಡೆ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಬರೆದದ್ದು ಇಷ್ಟು. ನಮ್ಮ ಓಣಿಯ ಶಾಲೆಯಲ್ಲಿ ಮಗು ಗೈರಾದರೆ ಊಟದ ಹೊತ್ತಿಗೆ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ. ಪಕ್ಕದ ಮನೆಗಳ ಮಕ್ಕಳೆಲ್ಲ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಾರೆ, ಆಂಟಿಯ ಮನೆ ಮೆಟ್ಟಿಲ ಮೇಲೆ ಸಾಲಾಗಿ ಕೂತು ಓದುತ್ತಾರೆ. ಮತ್ತೆ, ಅಲ್ಲಿ ಗಣಿತದ ಮಿಸ್ ಇದ್ದಾರೆ.

ಅವರು ಹೈಸ್ಕೂಲಿನ ಟೀಚರು. ಆದರೂ ಶಾಲೆ ಬಿಟ್ಟ ಮೇಲೆ ಜಗುಲಿಯಲ್ಲಿ ಕೂತು, ಅಮ್ಮಂದಿರು ಕೆಲಸದಿಂದ ಬರುವ ತನಕ ಪ್ರಾಥಮಿಕದ ಮಕ್ಕಳಿಗೂ ಪಾಠ ಹೇಳುತ್ತಿದ್ದರು. ಊರಿಂದ ಬಂದಾಗ ತಂಗಿಗೆ ಭಾಗಾಕಾರವೂ ಬರುತ್ತಿರಲಿಲ್ಲ. ಅಪ್ಪನ ಕೆಲಸದ ಒಡೆದ ಟೈಲ್ಸ್ ಚೂರುಗಳನ್ನು ತರಿಸಿಕೊಂಡು, ನೆಲದ ಮೇಲೆ ಜೋಡಿಸಿ ಮಿಸ್ ಅವಳಿಗೆ ಭಿನ್ನರಾಶಿ ಕಲಿಸಿದರು. ಒಂದು ಸಂಜೆ ನನ್ನನ್ನು ಕರೆದು, "ಇವಳನ್ನ ಸೈನ್ಸ್‌ಗೆ ಹಾಕಿ. ಮರೀಬೇಡಿ" ಎಂದರು. ಅಂದಿನಿಂದ ತಂಗಿಯ ಬಾಯಲ್ಲಿ ಸೈನ್ಸ್ ಬಿಟ್ಟು ಬೇರೆ ಮಾತಿಲ್ಲ.

ಆದರೆ ಅದೇ ಮೇನಲ್ಲಿ ಮಿಸ್ ತಾಯಂದಿರಿಗೆ ಒಂದು ಮಾತು ಹೇಳಿದ್ದರು. "ಈ ಸಲ ಎಂಟನೇ ಕ್ಲಾಸಿಗೆ ಮಕ್ಕಳು ಕಡಿಮೆಯಾದ್ರೆ ನನ್ನನ್ನ ಹೆಚ್ಚುವರಿ ಅಂತ ಬೇರೆ ಕಡೆ ಹಾಕ್ತಾರೆ. ನಾನು ಇಲ್ಲಿರಬೇಕು ಅಂದ್ರೆ ನೀವೂ ಇಲ್ಲೇ ಇರಬೇಕು."

ಇದಕ್ಕೆ ದಾರಿ ಹುಡುಕಿದವರು ಓನರ್ ಆಂಟಿ. ಮೇ 24, ಶುಕ್ರವಾರ ಸಂಜೆ, ವಠಾರದ್ದೂ ಓಣಿಯದ್ದೂ ಸೇರಿ ಏಳನೇ ತರಗತಿ ಮುಗಿಸಿದ ಮಕ್ಕಳಿದ್ದ ಆರು ಮನೆಯ ಹೆಂಗಸರನ್ನು ಮೇಲೆ ಕರೆದರು. ಅವರದೂ ಸೇರಿದರೆ ಏಳು ಮನೆ. ಅವ್ವನ ಜೊತೆ ನಾನೂ ಹೋಗಿದ್ದೆ.

"ನಮ್ ಊರ್ ಸ್ಕೂಲು. ನಮ್ಮ ಮಾವ ಓದಿದ್ದು, ನಮ್ಮನೆಯವ್ರು ಓದಿದ್ದು. ಅಂಗೆ ಮುಚ್ಚೋಗಾಕೆ ಬಿಡಾದಾ?" ಎಂದರು ಆಂಟಿ. "ಏಳೂ ಮಕ್ಕಳನ್ನ ಒಂದೇ ದಿವ್ಸ ಸೇರ್ಸಾಣ. ಆಗ ಮಿಸ್ ಎಲ್ಲೋಯ್ತಾರೆ?"

ಓಣಿಯವರೊಬ್ಬರು ನಕ್ಕರು. "ನೋಡ್ರಿ, ಆಮೇಲೆ ನೀವೇ ಮಗಳನ್ನ ಕಾನ್ವೆಂಟಿಗೆ ಹಾಕ್ಬಿಟ್ಟೀರ!"

"ಅಯ್ಯೋ, ನನ್ ಮಗಳು ಇಲ್ಲೇ. ಬೇಕಾರೆ ಮಾತು ತಗಳಿ" ಎಂದು ಆಂಟಿ ಎದ್ದು, ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ ಕೈಗಿಟ್ಟರು.

ಕೆಳಗೆ ಬಂದ ಮೇಲೂ ಅವ್ವ ಆ ಎಲೆಯನ್ನು ಕೈಯಲ್ಲೇ ಹಿಡಿದಿದ್ದಳು. ನಾನು ಡೈರಿ ತೆಗೆದು ಎಡಗಡೆಯ ಅಂಕ ಓದಿ ತೋರಿಸಿದೆ. ಆಚೆಯ ಶಾಲೆ ಎಷ್ಟು ಮುಂದಿದೆ ಎಂಬುದನ್ನೂ ಹೇಳಬೇಕಲ್ಲ. ಅವ್ವ ನೋಡಲೇ ಇಲ್ಲ. "ಎಲಿ ಅಡಕಿ ಹಿಡದೀವಿ. ಇನ್ನ ಅದರ ಮಾತ್ಯಾಕ? ನಮ್ಮ ಕಡೆ ಇದರ ಮ್ಯಾಲ ಮದುವಿ ಗಟ್ಟಿ ಆಕ್ಕಾವು" ಎಂದಳು. ನನಗೂ ಅದೇ ಬೇಕಿತ್ತು. ಪುಟದ ಬಲಗಡೆಗೆ ಒಂದು ದೊಡ್ಡ ಗುರುತು ಹಾಕಿ ಮುಚ್ಚಿಟ್ಟೆ.

ಜೂನ್ 3, ಸೋಮವಾರ ಸೇರಿಸುವ ದಿನ. ಅವ್ವ ಅರ್ಧ ದಿನ ರಜೆ ಹಾಕಿದ್ದಳು. ಒಂಬತ್ತೂವರೆಗೆ ವಠಾರದ ಗೇಟಿನ ಹತ್ತಿರ ನಿಂತೆವು. ಯಾರೂ ಬರಲಿಲ್ಲ. ಮೇಲಿಂದ ಆಂಟಿ ಬಗ್ಗಿ ನೋಡಿ, "ಶನಿವಾರ ಅಮಾಸೆ ಕಣಮ್ಮ, ಅದು ಕಳದ್ಮೇಲೆ ಬತ್ತೀವಿ. ನೀವು ಓಗಿರಿ" ಎಂದರು. ಬಾಡಿಗೆಯ ಇನ್ನೆರಡು ಮನೆಯವರೂ ಅಮಾವಾಸ್ಯೆಯ ಮಾತನ್ನೇ ಹೇಳಿದರು. ತಂಗಿಯೊಬ್ಬಳನ್ನೇ ಸೇರಿಸಿ ಬಂದೆವು. ಮಿಸ್ ಜಗುಲಿಯಲ್ಲಿ ನಿಂತು ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದರು.

ಎರಡೂ ಸರ್ಕಾರಿ ಶಾಲೆಗಳಾದ್ದರಿಂದ ಯೂನಿಫಾರ್ಮು ಒಂದೇ. ಬೆಳಗ್ಗೆ ಗೇಟು ದಾಟುವ ಮಕ್ಕಳು ಎತ್ತ ಹೋಗುತ್ತಾರೆಂದು ಬಟ್ಟೆ ನೋಡಿ ಹೇಳುವಂತಿರಲಿಲ್ಲ. ಅಮಾವಾಸ್ಯೆ ಕಳೆದು ಮುಂದಿನ ವಾರ, ಕೆಲಸಕ್ಕೆ ಹೋಗುವಾಗ ಬಸ್ ಸ್ಟಾಪಿನಲ್ಲಿ ಆಂಟಿಯನ್ನು ಕಂಡೆ. ಮಗಳನ್ನು ರಿಂಗ್ ರೋಡಿನ ಬಸ್ಸಿಗೆ ಹತ್ತಿಸುತ್ತಿದ್ದರು. ಅವಳ ಹಿಂದೆ ನಮ್ಮ ವಠಾರದ ಇನ್ನಿಬ್ಬರು ಮಕ್ಕಳು. ಬಸ್ಸಿನೊಳಗೆ ಆಗಲೇ ಓಣಿಯ ಹುಡುಗಿಯೊಬ್ಬಳು ಕಿಟಕಿಯ ಹತ್ತಿರ ಕೂತಿದ್ದಳು. ನನ್ನನ್ನು ನೋಡಿ ತಲೆ ಬಗ್ಗಿಸಿಕೊಂಡಳು.

"ಆಂಟಿ, ಇದೇನು?" ಎಂದೆ.

ಆಂಟಿ ಸೆರಗು ಸರಿಮಾಡಿಕೊಂಡರು. "ನಮ್ಮನೆಯವ್ರು ಮೇನಲ್ಲೇ ಸೀಟು ಏಳಿಟ್ಟಿದ್ರು ಕಣಮ್ಮ. ಅಲ್ಲಿ ರಿಜಲ್ಟು ಜಾಸ್ತಿ. ನೀನೇ ಬರ್ಕೊಂಡು ಬಂದಿದ್ದೆ ಅಲ್ವಾ, ನಾಲ್ಕು ವರ್ಸದ್ದು? ನಿಮ್ಮವ್ವನಿಗೆ ಓದ್ತಿದ್ದಾಗ ಮೆಟ್ಲತ್ರ ಕೇಳಿಸ್ಕಂಡೆ."

"ಮೇನಲ್ಲೇ ಅಂದ್ರೆ, ತಾಂಬೂಲ ಕೊಡೋ ಮುಂಚೆಯೇ?"

"ಸುಕ್ರವಾರ ಮನೆಗ್ ಬಂದ ಮುತ್ತೈದೇರ್ನ ಕುಂಕುಮ, ಎಲೆ ಅಡ್ಕೆ ಇಲ್ದೆ ಕಳ್ಸಕ್ಕಾಯ್ತದಾ?" ಎಂದರು. ಹೊರಟ ಬಸ್ಸಿನ ಕಡೆ ಕೈ ಬೀಸಿ ಮತ್ತೆ, "ನಾನೊಬ್ಬಳು ಬಿಟ್ಟೋದ್ರೆ ಏನಾಯ್ತದೆ, ಇನ್ನಾರು ಮನೆ ಇರ್ತದಲ್ಲ ಅಂದ್ಕೊಂಡೆ ಕಣವ್ವ. ಅವ್ರೂ ಇಂಗೇ ಮಾಡ್ತಾರೆ ಅಂತ ನನಗೇನು ಗೊತ್ತು?"

ಉಳಿದ ಐದು ಮನೆಗೂ ಹೋಗಿ ಕೇಳಿದೆ. ಅದೇ ಉತ್ತರ. ಪ್ರತಿಯೊಬ್ಬರೂ ಉಳಿದವರು ಇರುತ್ತಾರೆಂದು ನಂಬಿ ಹೋಗಿದ್ದರು. ಮಿಸ್ ಬೇಕಿತ್ತು, ಶಾಲೆ ಉಳಿಯಬೇಕಿತ್ತು, ಆದರೆ ಉಳಿಸಬೇಕಾದ ಮಗು ಪಕ್ಕದ ಮನೆಯದಾಗಿರಬೇಕಿತ್ತು. ಪಕ್ಕದ ಮನೆ ಎಂದರೆ ಕೊನೆಗೆ ನಾವೊಬ್ಬರೇ.

ಅವತ್ತು ಡೈರಿಯ ಬಲಗಡೆಯನ್ನು ಮತ್ತೆ ಓದಿದೆ. ಬಾಗಿಲು ತಟ್ಟುವವರು, ಒಟ್ಟಿಗೆ ಹೋಗುವವರು, ಮೆಟ್ಟಿಲ ಮೇಲೆ ಕೂತು ಓದುವವರು. ಅದೆಲ್ಲ ಶಾಲೆಯದೆಂದು ಬರೆದಿದ್ದೆ. ಅದೆಲ್ಲ ಈ ಮನೆಗಳವರದು. ಅವರು ಬಸ್ಸು ಹತ್ತಿದ ದಿನವೇ ಅದೂ ಹೋಯಿತು. ಎಡಗಡೆಯ ಅಂಕಗಳು ಮಾತ್ರ ಹಾಗೇ ಇದ್ದವು.

ಮಿಸ್ ಆ ವರ್ಷ ಪೂರ್ತಿ ಇದ್ದರು. ತಂಗಿ ಎಂಟರಲ್ಲಿ ಗಣಿತಕ್ಕೆ ತೊಂಬತ್ತರ ಮೇಲೆ ತೆಗೆದಳು. ಆಮೇಲೆ ಮಿಸ್ಸಿಗೆ ಹೆಚ್ಚುವರಿಯೆಂದು ಆದೇಶ ಬಂತು. ಹಾಕಿದ್ದು ರಿಂಗ್ ರೋಡಿನ ಆಚೆಯ ಶಾಲೆಗೆ. ಮಕ್ಕಳು ಹೆಚ್ಚಿದ್ದ ಕಡೆ ಟೀಚರು ಬೇಕಿತ್ತು. ಲೆಕ್ಕ ಸರಿಯಾಗಿಯೇ ಇದೆ, ನಾನು ಎರಡು ಸಲ ನೋಡಿದ್ದೇನೆ.

ಸುದ್ದಿ ತಂದವರು ಆಂಟಿಯೇ. ನೀರು ಹಿಡಿಯುವ ಕಡೆ ಎಲ್ಲರ ಮುಂದೆ, "ನೋಡಿದ್ಯಾ, ಮಿಸ್ಸೇ ಅಲ್ಲಿಗೆ ಬಂದ್ರು! ಅವಾಗ್ಲೇ ನಮ್ಜೊತೆ ಬರ್ಬಾರ್ದಿತ್ತಾ? ಈಗ್ಲಾದ್ರೂ ನಿನ್ ತಂಗೀನ ಅಲ್ಲಿಗೇ ಹಾಕು" ಎಂದರು. ಅವ್ವ ತುಂಬಿದ ಕೊಡ ಎತ್ತಿಕೊಂಡು, "ನಾವು ಬರ್ತೀವಿ ಅಂದಿದ್ದು ಇಲ್ಲಿಗೆ, ಅಕ್ಕಾರ" ಎಂದಷ್ಟೇ ಹೇಳಿ ಒಳಗೆ ಬಂದಳು.

ಆದರೂ ನಾನು ತಂಗಿಯನ್ನು ಕರೆದುಕೊಂಡು ಹೋದೆ. ಒಂಬತ್ತನೇ ತರಗತಿ ತುಂಬಿಹೋಗಿದೆ ಎಂದರು. ಸುಳ್ಳಲ್ಲ; ಬಾಗಿಲಿಂದ ನೋಡಿದೆ, ಬೆಂಚಿನಲ್ಲಿ ಮಕ್ಕಳು ಒತ್ತಿಕೊಂಡು ಕೂತಿದ್ದರು. ಆಂಟಿಯ ಮಗಳು ಅವರ ನಡುವೆ ಇದ್ದಳು, ತಂಗಿಯ ಕಡೆ ಕೈ ಎತ್ತಿ ಅರ್ಧಕ್ಕೇ ಇಳಿಸಿದಳು. ಮಿಸ್ ಹೊರಗೆ ಬಂದು ತಂಗಿಯ ತಲೆ ಮುಟ್ಟಿದರು. "ನೀನೊಬ್ಬಳಾದರೂ ಅಲ್ಲೇ ಇದ್ದೆಯಲ್ಲ ಪುಟ್ಟಾ" ಎಂದರು. ಹೊಗಳಿಕೆಯೆಂದೇ ಹೇಳಿದ್ದು.

ಆಮೇಲೆ ನಮ್ಮ ಶಾಲೆಯಲ್ಲಿ ಗಣಿತಕ್ಕೆ ಒಬ್ಬರು ಬಂದರು, ಹೋದರು, ಇನ್ನೊಬ್ಬರು ಬಂದರು. ನಡುನಡುವೆ ಯಾರೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಮಗಳಿಗೆ ಒಳ್ಳೆಯ ಅಂಕ ಬಂತೆಂದು ಆಂಟಿ ಪೇಡಾ ತಂದುಕೊಟ್ಟರು. ತಂಗಿ ಒಂದು ತೆಗೆದುಕೊಂಡು, ಬೇಡ ಎನ್ನಲಾಗದೆ, ಅವರ ಎದುರೇ ತಿಂದಳು. ಅದೇ ತಿಂಗಳು ನಾವು ಮನೆ ಬದಲಾಯಿಸಿದೆವು.

ನನಗೆ ಒಂದು ಲೆಕ್ಕ ಇನ್ನೂ ತಾಳೆಯಾಗಿಲ್ಲ. ಆಂಟಿಯ ಮನೆಯವರು ಸೀಟು ಹೇಳಿಟ್ಟಿದ್ದು ಮೊದಲು, ತಾಂಬೂಲ ಆಮೇಲೆ. ಅಷ್ಟು ಗೊತ್ತು. ಉಳಿದ ಐವರು ತಾಯಂದಿರಲ್ಲಿ ಯಾರಾದರೂ ಆ ಶುಕ್ರವಾರ ನಿಜವಾಗಿಯೂ ನಮ್ಮ ಜೊತೆ ಬರುವ ಮನಸ್ಸಿನಲ್ಲಿ ಎಲೆ ಹಿಡಿದಿದ್ದರೇ? ಬಾಗಿಲಲ್ಲಿ ನಿಂತು ಕೇಳಿದಾಗ ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ನೀವು ಅವರಲ್ಲೊಬ್ಬರಾಗಿದ್ದರೆ, ಅಥವಾ ಆ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದ ಮಗುವಾಗಿದ್ದು ಮನೆಯಲ್ಲಿ ಏನು ಮಾತಾಯಿತೆಂದು ನೆನಪಿದ್ದರೆ, ಇದನ್ನು ಅಚ್ಚು ಹಾಕಿದವರ ಮೂಲಕ ನನಗೆ ಬರೆಯಿರಿ. ಒಬ್ಬರಿದ್ದರೂ ಸಾಕು. ತಂಗಿಗೆ ಓದಿ ಹೇಳುತ್ತೇನೆ.