ದೌಲಪ್ಪನ ಫುಕಟ್ ದಲಾಲಿ

ದೌಲಪ್ಪ ಕಲಬುರಗಿಯ ಕಾಳಿನ ಮಾರುಕಟ್ಟೆ ಗಂಜಿನಲ್ಲಿ ತೊಗರಿಯ ದಲಾಲ. ಅಂದರೆ ಮಾಲು ಅವನದಲ್ಲ, ರೊಕ್ಕವೂ ಅವನದಲ್ಲ. ನಡುವೆ ಓಡಾಡುವ ಮಾತಷ್ಟೇ ಅವನದು. ರೈತರ ಮಾಲು ಮಾರಿಸಿಕೊಡುವ ನನ್ನಂಥ ಅಡತಿ ಅಂಗಡಿಯವರ ಚೀಲದಿಂದ ಒಂದು ಮುಷ್ಟಿ ಕಾಳು ನಮೂನಿಗೆಂದು ತೆಗೆದುಕೊಂಡು ಹೋಗಿ, ನಂದೂರಿನ ದಾಲ್ ಮಿಲ್ಲಿನವರ ಮುಂದೆ ಹರವಿ "ಬರೋಬ್ಬರಿ ಅದ ರೀ, ನನ್ನ ಜಬಾನ್" ಎಂದರೆ ವ್ಯಾಪಾರ ಮುಗಿಯಿತು. ಆಮೇಲೆ ಮಾಲು ನಮೂನಿಗೆ ಹೊಂದಲಿಲ್ಲ ಎಂದು ತಕರಾರು ಬಂದರೆ ದಲಾಲ ಫೋನಿನಲ್ಲಿ ಸಮಜಾಯಿಷಿ ಹೇಳುವಂತಿಲ್ಲ. ಖುದ್ದು ಹೋಗಿ ರಾಶಿಯ ಪಕ್ಕ ನಿಲ್ಲಬೇಕು. ಬೈಗುಳ ಅಲ್ಲೇ, ತೀರ್ಮಾನವೂ ಅಲ್ಲೇ. ದೌಲಪ್ಪನಿಗೆ ಹಾಗೆ ನಿಲ್ಲುವ ಪ್ರಸಂಗ ಬಂದದ್ದನ್ನು ನಾನಂತೂ ಕಂಡಿಲ್ಲ. ಬೇರೆ ಆಸ್ತಿ ಇಲ್ಲದ ಮನುಷ್ಯ, ಜಬಾನನ್ನೇ, ಅಂದರೆ ಕೊಟ್ಟ ಮಾತನ್ನೇ, ಹೊಲ-ಮನೆಯಂತೆ ಕಾಯ್ದುಕೊಂಡು ಬಂದಿದ್ದ.

ಒಂದು ವರ್ಷ ತೊಗರಿಯ ದರ ಮುಂಜಾನೆ ಒಂದು, ಸಂಜೆ ಒಂದು ಆಗಿ ಅವನ ನಿದ್ದೆ ಹಾರಿಹೋಯಿತು. ಮಗ ಸುನೀಲಕುಮಾರ ಫೋನಿನಲ್ಲಿ ಉಸಿರಾಟ ಕಲಿಸುವ ಒಂದು ವಿಡಿಯೋ ಹಚ್ಚಿಕೊಟ್ಟ. ಮೂಗಿನಲ್ಲಿ ಎಳೆ, ಹಿಡಿ, ಬಾಯಲ್ಲಿ ಬಿಡು. ದೌಲಪ್ಪನಿಗೆ ನಿದ್ದೆ ಬಂತು. ನಿದ್ದೆ ಬಂದ ಮನುಷ್ಯ ಸುಮ್ಮನೆ ಮಲಗಬೇಕು ತಾನೆ? ದೌಲಪ್ಪ ಎದ್ದು ಪ್ರಚಾರಕ್ಕೆ ಹೊರಟ.

ಅಂದಿನಿಂದ ಅವನಿಗೆ ಎರಡು ದಲಾಲಿ. ಒಂದರಲ್ಲಿ ಕಮಿಷನ್ ಉಂಟು, ಇನ್ನೊಂದು ಶುದ್ಧ ಫುಕಟ್. ಯಾರು ಏನೇ ನೋವು ಹೇಳಿಕೊಂಡರೂ ಅವರ ಫೋನು ಇಸಿದುಕೊಂಡು, ಹುಡುಕಿ, ತನ್ನ ಹೆಬ್ಬೆರಳಿನಿಂದಲೇ ಸಬ್‌ಸ್ಕ್ರೈಬ್ ಒತ್ತಿ, ಗಂಟೆಯನ್ನೂ ಒತ್ತಿ ಕೊಡುತ್ತಿದ್ದ. "ಫುಕಟ್ ಅದ ರೀ, ನೋಡಾಕ ನಿಮಗೇನ ಧಾಡಿ?" ನನ್ನ ಅಂಗಡಿಯಲ್ಲಿ ಲೆಕ್ಕ ಬರೆಯುವ ಸುಜಾತಾಳಿಗೆ ಇಂಗ್ಲಿಷ್ ಮಾತು ಕಲಿಸುವ ಚಾನೆಲ್ ಕೊಟ್ಟ, ಈಗ ಹಸಿ ತೊಗರಿ ತಂದ ರೈತನಿಗೂ ಆಕೆ "ಗುಡ್ ಮಾರ್ನಿಂಗ್" ಹೇಳಿಯೇ ತಿರಸ್ಕರಿಸುತ್ತಾಳೆ. ಪಿಕಪ್ ಗಾಡಿಯ ಆಮಿರ್‌ಗೆ ಗುಟ್ಕಾ ಬಿಡಿಸುವ ಚಾನೆಲ್ ಕೊಟ್ಟ. ಅವನು ಗುಟ್ಕಾ ಬಿಟ್ಟ, ಬದಲಿಗೆ ಎಲ್ಲರ ಅಂಗಡಿಯ ಬಡೇಸೋಪು ಖಾಲಿ ಮಾಡುತ್ತಾನೆ. ನನಗೆ ಸಿಟ್ಟು ಇಳಿಸುವ ಚಾನೆಲ್. ಅದರ ಬಗ್ಗೆ ನನ್ನ ಹೆಂಡತಿಯನ್ನು ಕೇಳಬೇಡಿ.

ಬಿಪಿ ಇದ್ದವರಿಗೆಲ್ಲ ಅವನು ಕೊಡುತ್ತಿದ್ದದ್ದು ಒಂದೇ ಚಾನೆಲ್. ಅದರಲ್ಲಿ ಯಾವಾಗಲೂ ಹಸಿರು ಅಂಗಿ ತೊಟ್ಟು ಮಾತಾಡುವ ಒಬ್ಬ ಮನುಷ್ಯ. ಗಂಜಿನಲ್ಲಿ ಅವನಿಗೆ ಹಸಿರಂಗಿ ಮಾಸ್ತರ ಎಂದೇ ಹೆಸರು. ಉಪ್ಪು ಕಡಿಮೆ ತಿನ್ನಿ, ಮುಂಜಾನೆ ಅಡ್ಡಾಡಿ, ನಿಧಾನ ಉಸಿರಾಡಿ ಎನ್ನುತ್ತಿದ್ದ. ಯಾರಿಗೆ ಕೆಟ್ಟದ್ದು ಅದು? ಕಮಲಾಪುರದಲ್ಲಿರುವ ಅಕ್ಕ ಭಾಗಮ್ಮನ ಫೋನಿಗೂ ದೌಲಪ್ಪ ಅದನ್ನೇ ಹಚ್ಚಿಕೊಟ್ಟು ಬಂದಿದ್ದ. ಹೋದ ವರ್ಷ ಭಾಗಮ್ಮನ ಬಿಪಿ ಏರಿ ಅರ್ಧ ದಿನ ಬಾಯಿ ಓರೆಯಾಗಿತ್ತು. ಕಲಬುರಗಿಗೆ ತಂದಾಗ ಡಾಕ್ಟರು "ಈ ಸಲ ಬಿಟ್ಟು ಹೋಗಿದೆ, ಗುಳಿಗೆ ತಪ್ಪಿಸಿದರೆ ಲಕ್ವಾ ಹೊಡೆಯುತ್ತದೆ" ಎಂದು ಹೇಳಿ ಕಳಿಸಿದ್ದರು. ಆಗಿನಿಂದ ಅಕ್ಕನ ಹೆಸರು ಫೋನಿನಲ್ಲಿ ಮೂಡಿದರೆ ಸಾಕು, ದೌಲಪ್ಪ ನಡೆದ ವ್ಯಾಪಾರವನ್ನು ಅರ್ಧಕ್ಕೇ ಬಿಟ್ಟು ಎತ್ತುತ್ತಿದ್ದ.

ಮೊನ್ನೆ ಮುಂಜಾನೆ ನಾನೂ ದೌಲಪ್ಪನೂ ನನ್ನ ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಆಮಿರ್ ಫೋನು ಹಿಡಿದುಕೊಂಡು ಒಳಗೆ ಬಂದ.

"ಚಾಚಾ, ನಿಮ್ಮ ಹಸಿರಂಗಿ ಮಾಸ್ತರ ಕೆಟ್ಟಾನ. ಇದ ನೋಡ್ರಿ."

ಅದೇ ಅಂಗಿ, ಅದೇ ನಗು. "ಬಿಪಿ ಅನ್ನುವುದು ರೋಗವೇ ಅಲ್ಲ. ಗುಳಿಗೆ ಮಾರುವವರು ಹುಟ್ಟಿಸಿದ ಹೆದರಿಕೆ. ಇವತ್ತೇ ನಿಮ್ಮ ಗುಳಿಗೆಗಳನ್ನು ಗಟಾರಕ್ಕೆ ಎಸೆಯಿರಿ" ಎಂದು ಮಾಸ್ತರ ತಣ್ಣಗೆ ಹೇಳುತ್ತಿದ್ದ. ಕೆಳಗೆ ಮೂಲೆಯಲ್ಲಿ ಒಂದು ಚೂರ್ಣದ ಡಬ್ಬಿಯ ಚಿತ್ರ. ನನ್ನದು ವ್ಯಾಪಾರಿಯ ಕಣ್ಣು, ಮೊದಲು ಅಲ್ಲಿಗೇ ಹೋಯಿತು. ವಿಡಿಯೋ ಹಾಕಿ ಆಗಲೇ ಕೆಲವು ವಾರ ಕಳೆದಿದ್ದವು.

"ನೀ ಇದನ್ನ ನೋಡಿದ್ದಿಲ್ಲೇನು?" ಎಂದೆ ದೌಲಪ್ಪನಿಗೆ.

"ಮೊದಲಿನ ನಾಲ್ಕೈದು ನೋಡಿದ್ದೆ ರೀ. ಛೊಲೋ ಇದ್ದವು."

"ಚೀಲದ ಬಾಯಾಗಿನ ಕಾಳು ನೋಡಿ ತಳದ ತನಕ ಹೂಂ ಅಂದಿ?"

ವರ್ಷಾನುಗಟ್ಟಲೆ ಚೇಷ್ಟೆ ಮಾಡಿ ರೂಢಿಯಾದ ನಾಲಿಗೆ, ಹೊತ್ತು-ಗೊತ್ತು ನೋಡಲಿಲ್ಲ. ದೌಲಪ್ಪ ಚಹಾದ ಕಪ್ಪನ್ನು ಕೆಳಗಿಟ್ಟು ಅಕ್ಕನಿಗೆ ಫೋನು ಹಚ್ಚಿದ. ಸ್ಪೀಕರ್ ಮೇಲಿತ್ತು.

"ಅಕ್ಕಾ, ನಾ ಹಚ್ಚಿಕೊಟ್ಟ ವಿಡಿಯೋ ನೋಡಾಕತ್ತಿ?"

"ದಿನಾ ನೋಡ್ತೀನೋ ದೌಲ್ಯಾ. ನೀ ಕೊಟ್ಟಿದ್ದು ಬಿಡ್ತೀನೇನು?"

"ಅಂವ ಹೇಳಿದ್ದೆಲ್ಲಾ ಮಾಡಾಕತ್ತಿ?"

"ಎಲ್ಲಾ ಮಾಡಾಕತ್ತೀನಿ. ಒಂದೂ ಬಿಟ್ಟಿಲ್ಲ."

"ಅಕ್ಕಾ, ಗುಳಿಗಿ..."

"ಅಯ್ಯ, ಹಾಲು ಉಕ್ಕಾಕತ್ತಾವ, ಇಡು!"

ಆಮೇಲೆ ಎಷ್ಟು ಸಲ ಹಚ್ಚಿದರೂ ಗಂಟೆ ಆಗುತ್ತಿತ್ತು, ಯಾರೂ ಎತ್ತಲಿಲ್ಲ. ಭಾಗಮ್ಮನ ಗಂಡ ಬಂಡೆಪ್ಪನ ಹತ್ತಿರ ಫೋನೇ ಇಲ್ಲ. ಅದನ್ನು ಅವನು ಡಬ್ಬಿ ಎನ್ನುತ್ತಾನೆ, ಮುಟ್ಟುವುದಿಲ್ಲ.

"ನೆರೆಮನಿಯವರಿಗಿ ಹಚ್ಚಿ ಕೇಳು" ಎಂದೆ.

"ಏನಂತ ಕೇಳ್ಲಿ ರೀ? ಜಬಾನ್ ಕೊಟ್ಟಾಂವ ನಾನು. ನಾನ ಹೋಗಿ ನಿಂದರಬೇಕು."

ಆಮಿರ್‌ನ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು. ದಾರಿಯಲ್ಲಿ ದೌಲಪ್ಪನಿಗೇ ಏನಾದರೂ ಆದೀತು ಎಂಬ ಭಯಕ್ಕೆ ನಾನೂ ಹೊರಟೆ. ಹುಮನಾಬಾದ ರಸ್ತೆ ಹಿಡಿಯುವಷ್ಟರಲ್ಲಿ ಅವನು ಹಸಿರಂಗಿ ಮಾಸ್ತರನ ಹೊಸ ವಿಡಿಯೋಗಳನ್ನು ಒಂದೊಂದಾಗಿ ತೆಗೆದು ನೋಡತೊಡಗಿದ. ಒಂದರಲ್ಲಿ ಬಿಪಿ ಗುಳಿಗೆ ಬಿಡು, ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಬಿಡು, ಮತ್ತೊಂದರಲ್ಲಿ ಡಾಕ್ಟರನ ಮನೆಯ ದಾರಿಯನ್ನೇ ಮರೆತುಬಿಡು.

"ಬಂದ್ ಮಾಡ್ರಿ ಚಾಚಾ" ಎಂದ ಆಮಿರ್. "ಗಾಡಿ ಹೊಡ್ಯಾಂವ ನಾನು. ನನಗ ಬಿಪಿ ಬರಾಕತ್ತದ."

ದೌಲಪ್ಪ ಬಂದ್ ಮಾಡಿ ಮತ್ತೆ ಅಕ್ಕನಿಗೆ ಹಚ್ಚಿದ. ಗಂಟೆ, ಗಂಟೆ, ಆಮೇಲೆ ಆ ರೆಕಾರ್ಡಿನ ಹೆಂಗಸು.

"ಬಾಯಿ ಹಿಂಗ ಹೋಗಿತ್ರಿ" ಎಂದು ತನ್ನ ಬಾಯನ್ನೇ ಒಂದು ಕಡೆ ಎಳೆದು ನನಗೆ ತೋರಿಸಿದ. "ನೀರು ಕುಡಿಸಿದ್ರ ಈ ಕಡಿಂದ ಸೋರ್ತಿತ್ತು. ನನ್ನ ಹೆಸರು ಹೇಳಾಕ ಬರವಲ್ದಾಗಿತ್ತು ಆಕಿಗಿ."

"ಆ ಉಸಿರಾಟ ಮಾಡು. ನಿನಗ ಬರ್ತದಲ್ಲ."

ಮಾಡಿದ. ಎಳೆದ, ಹಿಡಿದ, ಬಿಟ್ಟ. ಬಿಟ್ಟದ್ದು ಅಳುವಿನ ಹಾಗೆ ಕೇಳಿಸಿತು. ಆ ವಿದ್ಯೆ ತೊಗರಿಯ ದರಕ್ಕಷ್ಟೇ ಆಗಿಬರುತ್ತದೆಂದು ಕಾಣುತ್ತದೆ.

ಕಮಲಾಪುರದಲ್ಲಿ ಮನೆಯ ಮುಂದೆ ಗಾಡಿ ಪೂರ್ತಿ ನಿಲ್ಲುವ ಮೊದಲೇ ದೌಲಪ್ಪ ಇಳಿದ. ಬಾಗಿಲು ತೆರೆದಿತ್ತು. ಒಳಗಿನಿಂದ ಹಸಿರಂಗಿ ಮಾಸ್ತರನ ದನಿ ಜೋರಾಗಿ ಬರುತ್ತಿತ್ತು, ಅದರ ಜೊತೆಗೆ ಟಪಟಪ ಸದ್ದು. ಭಾಗಮ್ಮ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟ ಫೋನು ತನ್ನಷ್ಟಕ್ಕೆ ತಾನು ಮಾತಾಡುತ್ತಿತ್ತು. ಬಾಯಿ ನೆಟ್ಟಗಿತ್ತು. ಕೈ ಎರಡೂ ಸರಿಯಾಗಿ ಆಡುತ್ತಿದ್ದವು.

"ಇದೇನೋ ಹೇಳದ ಕೇಳದ ಬಂದಿ? ಸಾವ್ಕಾರ್ರೂ ಬಂದಾರ! ಯಾರರ ಸತ್ತಾರೇನು?"

"ಅಕ್ಕಾ, ಗುಳಿಗಿ ತಗೋಳಾಕತ್ತಿ ಇಲ್ಲೋ?"

"ತಗೊಂಡೀನಲ್ಲ, ಚಹಾದ ಜೋಡಿ."

"ಇಂವ ಬಿಡು ಅಂತ ಹೇಳ್ಯಾನಲ್ಲ?"

ಭಾಗಮ್ಮ ಫೋನಿನ ಕಡೆ ಮೊದಲ ಸಲ ನೋಡುವವಳಂತೆ ನೋಡಿದಳು. "ಇಂವ ಏನ ಹೇಳ್ತಾನಂತ ಯಾರಿಗಿ ಗೊತ್ತೋ? ನೀ ಹಚ್ಚಿಕೊಟ್ಟಿದಿ ಅಂತ ರೊಟ್ಟಿ ಮಾಡೂಮುಂದ ಹಚ್ಚಿಡ್ತೀನಿ. ಹಚ್ಚದಿದ್ರ ಆ ಕಡಿ ನಿನಗ ಗೊತ್ತಾಗ್ತದ ಅಂತ ತಿಳ್ಕೊಂಡಿದ್ದೆ. ಬ್ಯಾಸರ ಮಾಡ್ಕೋತಿ ಅಂತ ಎಲ್ಲಾ ಮಾಡ್ತೀನಿ ಅಂದೆ. ಕೈ ತುಂಬ ಹಿಟ್ಟಿತ್ತು, ಅದಕ್ಕ ನಿನ್ನ ಫೋನು ಎತ್ತಲಿಲ್ಲ."

ದೌಲಪ್ಪ ಅಕ್ಕನ ಪಕ್ಕದಲ್ಲೇ ನೆಲಕ್ಕೆ ಕೂತ. ಮುಖದಲ್ಲಿ ಜೀವ ಬಂತು. ಅದರ ಹಿಂದೆಯೇ, ತನ್ನ ಮಾಲಿಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ ಎಂದು ತಿಳಿದ ದಲಾಲನ ಸಣ್ಣ ಅಸಮಾಧಾನವೂ ಬಂತು. ನಾನು ನಗಬೇಕೆಂದಿದ್ದೆ. ಅಷ್ಟರಲ್ಲಿ ಪಡಸಾಲೆಯ ಮೂಲೆಯಿಂದ ನರಳಿದ ದನಿ ಕೇಳಿಸಿತು.

"ಆ ಸಪ್ಪಳ ಬಂದ್ ಮಾಡ್ರೇ, ತಲಿ ಒಡೀತದ."

ಬಂಡೆಪ್ಪ ಹೊರಸಿನ ಮೇಲೆ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಕಣ್ಣು ಕೆಂಪಗಿದ್ದವು.

"ನಿನ್ನೆಯಿಂದ ಹಿಂಗ" ಎಂದಳು ಭಾಗಮ್ಮ. "ಬಾಳಿ ತೋಟದಾಗ ಬಿಸಿಲು ಬಡದದ ಅಂತಾರ."

ದೌಲಪ್ಪ ಎದ್ದು ಹೊರಸಿನ ಹತ್ತಿರ ಹೋದ. ಅಡುಗೆಮನೆಯ ಬಾಗಿಲಿಗೂ ಹೊರಸಿಗೂ ಒಂದೇ ಮಾರು ದೂರ. ದಿನಾ ಮುಂಜಾನೆ ರೊಟ್ಟಿ ಬೇಯುವ ತನಕ ಬಂಡೆಪ್ಪ ಕೂಡುವುದು ಅಲ್ಲೇ. ಅವನಿಗೂ ಹಳೆಯ ಬಿಪಿ.

"ಮಾಮಾ, ನಿಮ್ಮ ಬಿಪಿ ಗುಳಿಗಿ ಎಲ್ಲಿ ಅವ?"

"ಗಟಾರದಾಗ."

ಭಾಗಮ್ಮನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು.

"ಫೋನಿನ ಡಬ್ಬಿ ಮುಟ್ಟಂಗಿಲ್ಲ ಅಂತಿದ್ರಿ!" ಎಂದ ದೌಲಪ್ಪ.

"ಮುಟ್ಟಿಲ್ಲ. ಕಿವಿ ಮುಚ್ಚಿಕೊಂಡು ಕೂಡ್ಲೇನು?"

ದವಾಖಾನೆಗೆ ನಡೆಯಿರಿ ಎಂದರೆ ಬಂಡೆಪ್ಪ ಒಲ್ಲೆ ಎಂದ. ಭಾಗಮ್ಮ ತನ್ನ ಗುಳಿಗೆಯನ್ನೇ ಕೊಡಲು ಹೋದರೆ, ನಿಮ್ಮದು ಬ್ಯಾರೆ, ಅವರದು ಬ್ಯಾರೆ, ಡಾಕ್ಟರು ನೋಡಿಯೇ ಕೊಡಬೇಕು ಎಂದು ಆಮಿರ್ ತಿಳಿಹೇಳಿದ. ಭಾಗಮ್ಮ ಬೈದಳು, ಅತ್ತಳು. ನಾನೂ ನನ್ನ ಬುದ್ಧಿ ಹೇಳಿದೆ.

"ನೀವು ಸುಮ್ನಿರ್ರಿ ಸಾವ್ಕಾರ್ರ" ಎಂದ ಬಂಡೆಪ್ಪ, ಕಣ್ಣು ಮುಚ್ಚಿಕೊಂಡೇ. "ನಿಮ್ಮ ಮಾತು ಮುಂಜಾನಿ ಒಂದು, ಸಂಜಿಗಿ ಒಂದು. ಡಾಕ್ಟರೂ ಹಂಗ, ಬಂದಾಗೊಮ್ಮಿ ಗುಳಿಗಿ ಬದಲಿ ಮಾಡ್ತಾನ. ಆ ಹಸಿರಂಗಿಯಾಂವ ಯಾರಂತ ನನಗ ಗೊತ್ತಿಲ್ಲ. ಖರೇ ದೌಲಪ್ಪ ಯಾರಂತ ಗೊತ್ತದ. ಇದ ಜಾಗಾದಾಗ ನಿಂತು ನನ್ನ ಜಬಾನ್ ಅಂದಾನ. ಅಂವ ಎಂದಾದ್ರೂ ಮಾತು ಬದಲಿ ಮಾಡ್ಯಾನ?"

"ಮಾಮಾ, ನಾ ಹೇಳಿದ್ದು ಹಳೇ ವಿಡಿಯೋ. ಇದು ಬ್ಯಾರೆ..."

"ಅದ ದನಿ, ಅದ ಮನುಷ್ಯಾ. ಬ್ಯಾರೆ ಹ್ಯಾಂಗ?"

ದಲಾಲರಿಗೆ ನುಣುಚಿಕೊಳ್ಳಲು ಹತ್ತು ದಾರಿ ಗೊತ್ತಿರುತ್ತವೆ. ತೇವ ದಾರಿಯಲ್ಲಿ ಹಿಡಿಯಿತು ಅನ್ನಬಹುದು, ಚೀಲ ಅದಲುಬದಲಾಯಿತು ಅನ್ನಬಹುದು. ದೌಲಪ್ಪ ಒಮ್ಮೆ ನನ್ನ ಕಡೆ ನೋಡಿದ, ಒಮ್ಮೆ ಆಮಿರ್‌ನ ಕಡೆ. ನಾವಿಬ್ಬರೂ ಗಂಜಿನವರು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಅಲ್ಲಿ ಪ್ರತಿ ಗಾದಿಯ ಮೇಲೂ ಇರುತ್ತದೆಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮಾಮಾ, ನನ್ನ ಜಬಾನ್ ಖೋಟಾ. ನಾ ಪೂರಾ ನೋಡಿದ್ದಿಲ್ಲ. ನೋಡಲಾರದ ಬರೋಬ್ಬರಿ ಅಂದೆ. ತಪ್ಪು ಅಂವಂದಲ್ಲ, ನಂದು. ಏಳ್ರಿ."

ಬಂಡೆಪ್ಪ ಕಣ್ಣು ತೆರೆದು ಅವನನ್ನು ನೋಡಿದ. ಆಮೇಲೆ ಎಬ್ಬಿಸು ಎಂಬಂತೆ ಕೈ ಚಾಚಿದ. ಎದ್ದು ನಿಂತಾಗ ಕಾಲು ತೂರಾಡಿದವು. ಆಮಿರ್ ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದ.

ಸರಕಾರಿ ದವಾಖಾನೆಯಲ್ಲಿ ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡಿದ ಡಾಕ್ಟರಮ್ಮನ ಮುಖ ಬಿಗಿಯಿತು. ಇನ್ನೂರು ದಾಟಿತ್ತು. ಗುಳಿಗೆ ಕೊಟ್ಟು ಮಲಗಿಸಿದರು. ಇಳಿಯದಿದ್ದರೆ ಕಲಬುರಗಿಗೆ ಒಯ್ಯಬೇಕು, ಗಾಡಿ ತಯಾರಿಟ್ಟುಕೊಳ್ಳಿ ಎಂದರು.

"ಗುಳಿಗಿ ಬಿಡಲಿಕ್ಕೆ ಯಾರು ಹೇಳಿದ್ರು?"

"ನಾನ್ರಿ" ಎಂದ ದೌಲಪ್ಪ.

ಆಕೆ ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವನು ಟೊಪ್ಪಿಗೆ ಹಿಡಿದು ಕೊನೆಯ ತನಕ ಕೇಳಿಸಿಕೊಂಡ. ಮುಂದಿನದು ಬರೀ ಕಾಯುವುದು. ಬಂಡೆಪ್ಪ ಕಣ್ಣು ಮುಚ್ಚಿದರೆ ದೌಲಪ್ಪ "ಮಾಮಾ, ಕೈ ಎತ್ರಿ" ಎನ್ನುತ್ತಿದ್ದ. ಕೈ ಎತ್ತಿದರೆ "ಆ ಕೈ" ಎನ್ನುತ್ತಿದ್ದ. ಬಾಯಿ ಓರೆಯಾಯಿತೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ. ನರ್ಸಮ್ಮ ಎರಡನೆಯ ಸಲ ಪಟ್ಟಿ ಸುತ್ತಿದಾಗ ನಾವೆಲ್ಲ ಆ ಯಂತ್ರವನ್ನು ನೋಡಿದೆವು. ಅವನೊಬ್ಬ ಗೋಡೆಯ ಕಡೆ ತಿರುಗಿ ನಿಂತ.

"ಇಳೀಲಿಕತ್ತದ" ಎಂದಳು ನರ್ಸಮ್ಮ. "ಇನ್ನೂ ಇಳೀಬೇಕು. ಕಲಬುರಗಿಗಿ ಒಯ್ಯೂದು ಬ್ಯಾಡ, ಸಂಜಿತನಕ ಇಲ್ಲೇ ಇರ್ಲಿ."

ಬಂಡೆಪ್ಪನಿಗೆ ಸ್ವಲ್ಪ ಚೇತರಿಕೆ ಬಂದಿತ್ತು. "ದೌಲಪ್ಪ, ನಮ್ಮ ಮಗಳು ವಿದ್ಯಾವತಿಗಿ ವರ ತೋರಿಸಿದಾಂವನೂ ನೀನ."

"ಅಂವನ್ನ ಪೂರಾ ನೋಡಿದ್ದೆ ಮಾಮಾ."

"ಖರೇ?"

"ಅವರ ಮನಿಗಿ ಎರಡು ಸಲ ಹೋಗಿದ್ದೆ."

"ಎರಡ ಸಲ?" ಎಂದು ಬಂಡೆಪ್ಪ ಏಳಲು ಹೋದ. ನರ್ಸಮ್ಮ ಗದರಿಸಿ ಮಲಗಿಸಿದಳು.

ದೌಲಪ್ಪ ಹೊರಗಿನ ಬೇವಿನ ಗಿಡದ ಕೆಳಗೆ ಬಂದು ಫೋನು ತೆಗೆದ. ಹಸಿರಂಗಿ ಮಾಸ್ತರನನ್ನು ಯಾರ‍್ಯಾರಿಗೆ ಹಚ್ಚಿಕೊಟ್ಟಿದ್ದನೋ ಅವರಿಗೆಲ್ಲ ಒಬ್ಬೊಬ್ಬರಾಗಿ ಹಚ್ಚತೊಡಗಿದ. "ನಾ ದೌಲಪ್ಪ. ನಾ ಹೇಳಿದ್ದು ತಪ್ಪದ. ಗುಳಿಗಿ ಬಿಡಬ್ಯಾಡ್ರಿ." ಕೆಲವರು ನಕ್ಕರು. ಒಬ್ಬ, ಯಾವ ಚಾನೆಲ್ಲು, ನಾನು ನೋಡೇ ಇಲ್ಲವಲ್ಲ ಎಂದ. ಒಬ್ಬ ಮಿಲ್ಲಿನವನು, ಹಾಗಾದರೆ ಹೋದ ವಾರದ ತೊಗರಿ ಹೇಗೆ ಎಂದು ಕೇಳಿದ. ದೌಲಪ್ಪ ಯಾರ ಮಾತಿಗೂ ಮಾತು ಬೆಳೆಸಲಿಲ್ಲ, ಮುಂದಿನ ನಂಬರು ಒತ್ತಿದ.

ಒಂದು ನಂಬರಿಗೆ ಮಾತ್ರ ಮತ್ತೆ ಮತ್ತೆ ಹಚ್ಚಿದ. ಆಮೇಲೆ ಒಳಗೆ ಹೋಗಿ ಅಕ್ಕನಿಗೆ ಏನೋ ಹೇಳಿ, ಬಂಡೆಪ್ಪನ ಎರಡೂ ಕೈ ಇನ್ನೊಮ್ಮೆ ಎತ್ತಿಸಿ ನೋಡಿ ಹೊರಗೆ ಬಂದ.

"ಕೋಟನೂರದ ಸಾಬಮ್ಮ ಎತ್ತವಲ್ಲಳ್ರಿ. ಮಿಲ್ಲಿನಾಗ ಕಾಳು ಹಸನ ಮಾಡಾಕಿ. ಮನ್ಯಾಗ ಆಕಿ ಒಬ್ಬಾಕೇ ಇರ್ತಾಳ."

"ಕೆಲಸದಾಗ ಇರಬಹುದೋ ಮಾರಾಯಾ."

"ಇರಬಹುದು" ಎಂದ ದೌಲಪ್ಪ, ಗಾಡಿ ಹತ್ತುತ್ತ. "ಆಮಿರ್, ಕೋಟನೂರಕ್ಕ ನಡಿ."